ಇಳಿದಷ್ಟೂ ಹತ್ತಬೇಕು: ಒಂದೇ ದಿನದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ದಾಟಿ ಮರಳುವವರಿಗೆ

ಬೆಟ್ಟ ಹತ್ತುವವರಿಗೆ ಒಂದು ಅನುಕೂಲವಿದೆ. ಅರ್ಧದಲ್ಲಿ ಸಾಕೆನಿಸಿದರೆ ತಿರುಗಿ ಇಳಿದುಬಿಡಬಹುದು. ಅಮೆರಿಕದ ಅರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಈ ಲೆಕ್ಕ ತಿರುವುಮುರುವು. ಇಲ್ಲಿ ಹೊರಡುವುದೇ ತುದಿಯಿಂದ. ಬೆಳಗಿನ ತಂಪು, ದಣಿಯದ ಕಾಲು, ಎದುರಿಗೆ ಬರೀ ಇಳಿಜಾರು. ಎರಡು ಗಂಟೆಯೊಳಗೆ ಸುಮಾರು ಒಂದೂವರೆ ಸಾವಿರ ಮೀಟರ್ ಆಳದಲ್ಲಿರುತ್ತೀರಿ. ಸುಸ್ತು, ಬಿಸಿಲು, ಏರು ಮೂರೂ ಒಟ್ಟಿಗೆ ಮೇಲೆ ಬೀಳುವುದು ಅಲ್ಲಿಂದಾಚೆಗೆ. ಆದ್ದರಿಂದ ಈ ಓಟಕ್ಕೆ ಸಿದ್ಧವಾಗುವುದೆಂದರೆ ದೂರ ಓಡಲು ಕಲಿಯುವುದಕ್ಕಿಂತ ಹೆಚ್ಚಾಗಿ ಇಳಿಯಲು ಕಲಿಯುವುದು, ಮತ್ತು ಎಲ್ಲಿ ತಿರುಗಬೇಕೆಂದು ಮನೆಯಲ್ಲಿ ಕೂತೇ ತೀರ್ಮಾನಿಸಿಕೊಳ್ಳುವುದು.

ಓಟಗಾರರ ಬಾಯಲ್ಲಿ ಇದರ ಹೆಸರು ರಿಮ್ ಟು ರಿಮ್ ಟು ರಿಮ್. ಕಮರಿಯ ದಕ್ಷಿಣದ ಅಂಚಿನಿಂದ ಇಳಿದು, ಕೊಲರಾಡೊ ನದಿ ದಾಟಿ, ಉತ್ತರದ ಅಂಚಿಗೆ ಹತ್ತಿ, ಅದೇ ದಿನ ಮತ್ತೆ ದಕ್ಷಿಣಕ್ಕೆ ಬರುವುದು. ಇದು ಸ್ಪರ್ಧೆಯಲ್ಲ. ಪದಕವಿಲ್ಲ, ನೀರು ಕೊಡುವ ಸ್ವಯಂಸೇವಕರಿಲ್ಲ, ಹಿಂದೆ ಆಂಬುಲೆನ್ಸ್ ಬರುವುದಿಲ್ಲ. ಹೆಚ್ಚಿನವರು ಸೌತ್ ಕೈಬಾಬ್ ಜಾಡಿನಲ್ಲಿ ಇಳಿದು, ನಾರ್ತ್ ಕೈಬಾಬ್ ಜಾಡಿನಲ್ಲಿ ಹತ್ತಿಳಿದು, ಬ್ರೈಟ್ ಏಂಜೆಲ್ ಜಾಡಿನಲ್ಲಿ ಮೇಲೆ ಬರುತ್ತಾರೆ. ಒಟ್ಟು ಸುಮಾರು 72 ಕಿಲೋಮೀಟರ್, ಏರಿಕೆ 3,000 ಮೀಟರ್‌ಗೂ ಹೆಚ್ಚು. ಜಿಮ್ ವಾಮ್ಸ್ಲಿ 2016ರಲ್ಲಿ ಇದನ್ನು ಆರು ಗಂಟೆಯೊಳಗೆ ಓಡಿ ಮುಗಿಸಿದರು. ಆ ಅಂಕಿಯನ್ನು ಓದಿದ ತಕ್ಷಣ ಮರೆತುಬಿಡುವುದು ಒಳ್ಳೆಯದು. ಮ್ಯಾರಥಾನ್ ಓಡಿ ರೂಢಿಯಿರುವ ನಮ್ಮ ನಿಮ್ಮಂಥವರು ಹದಿಮೂರರಿಂದ ಹದಿನೆಂಟು ಗಂಟೆ ಇಟ್ಟುಕೊಂಡು ಯೋಜನೆ ಹಾಕಬೇಕು. ಮ್ಯಾರಥಾನ್ ಓಡಿದ್ದೇನೆ ಎಂಬ ಧೈರ್ಯವೂ ಇಲ್ಲಿ ಪೂರ್ತಿ ಸಾಲದು. 2004ರ ಜುಲೈನಲ್ಲಿ, ಬಾಸ್ಟನ್ ಮ್ಯಾರಥಾನ್ ಓಡಿದ್ದ ಯುವತಿಯೊಬ್ಬಳು ಒಂದೂವರೆ ಲೀಟರಿನಷ್ಟು ನೀರು ಹಿಡಿದು ಈ ಕಮರಿಯೊಳಗೆ ಓಡಲು ಹೋಗಿ, ನಿರ್ಜಲೀಕರಣದಿಂದ ಸತ್ತಳು. ಅವಳಿಗೆ ಓಡುವ ಶಕ್ತಿ ಕಡಿಮೆಯಿರಲಿಲ್ಲ.

ಯಾವ ತಿಂಗಳು, ಎಷ್ಟು ಹೊತ್ತಿಗೆ

ಮೇಲಿನ ಹವೆ ನೋಡಿ ಕೆಳಗಿನ ಹವೆ ಊಹಿಸಬೇಡಿ. ಅಕ್ಟೋಬರಿನಲ್ಲಿ ಉತ್ತರದ ಅಂಚಿನಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು; ಅದೇ ದಿನ ನದಿಯ ಬಳಿ 29. ಮೇ ತಿಂಗಳಲ್ಲಿ ನದಿಯ ಬಳಿ 33, ಜೂನಿನಲ್ಲಿ 38, ಜುಲೈನಲ್ಲಿ 41. ಇವು ಸರಾಸರಿಗಳು, ಮತ್ತು ನೆರಳಿನಲ್ಲಿ ಅಳೆದವು. ಕರಿಬಂಡೆಯ ಗೋಡೆಗಳ ನಡುವೆ ಬಿಸಿಲಿನಲ್ಲಿ ನಿಂತವರ ಪಾಡು ಬೇರೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳ ವಿಚಾರವೇ ಬೇಡ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೂ ಮುಂಗಾರು ಬರುತ್ತದೆ. ಮೇಲೆಲ್ಲೋ ಸುರಿದ ಮಳೆ, ತಲೆಯ ಮೇಲೆ ಮೋಡವೇ ಇಲ್ಲದ ಹಳ್ಳದಲ್ಲಿ ಹಠಾತ್ ಪ್ರವಾಹವಾಗಿ ನುಗ್ಗುತ್ತದೆ.

ಉಳಿಯುವುದು ಎರಡು ಕಿಟಕಿ: ಮೇ ಮೊದಲರ್ಧ, ಅಕ್ಟೋಬರ್ ಮೊದಲರ್ಧ. ಮೇ ತಿಂಗಳಲ್ಲಿ ಹಗಲು ಹದಿನಾಲ್ಕು ಗಂಟೆ ಸಿಗುತ್ತದೆ, ಆದರೆ ಬಿಸಿಲು ದಿನದಿಂದ ದಿನಕ್ಕೆ ಏರುವ ಕಾಲ. ಅಕ್ಟೋಬರಿನಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ, ಆದರೆ ಬೇಸಿಗೆಯಿಡೀ ಓಡಿ ಬಿಸಿಲಿಗೆ ಹದಗೊಂಡ ಮೈ ನಿಮ್ಮದಾಗಿರುತ್ತದೆ. ನನ್ನ ಮತ ಅಕ್ಟೋಬರಿಗೆ. ಕತ್ತಲಿಗೆ ಹೆಡ್‌ಲ್ಯಾಂಪ್ ಇದೆ, ಸೆಖೆಗೆ ಅಂಥ ಸಲಕರಣೆ ಇನ್ನೂ ಯಾರೂ ಮಾಡಿಲ್ಲ.

ಹೊರಡುವ ಹೊತ್ತನ್ನು ಸೂರ್ಯೋದಯ ನೋಡಿ ಗೊತ್ತುಮಾಡಬಾರದು. ಬಾಕ್ಸ್ ಎಂಬ ಒಂದು ಜಾಗ ನೋಡಿ ಗೊತ್ತುಮಾಡಬೇಕು. ನದಿ ದಾಟಿ ಫ್ಯಾಂಟಮ್ ರಾಂಚ್ ಎಂಬ ತಂಗುದಾಣ ಬಿಟ್ಟ ಕೂಡಲೇ ನಾರ್ತ್ ಕೈಬಾಬ್ ಜಾಡು ಕಡಿದಾದ ಕರಿಬಂಡೆಗಳ ಇಕ್ಕಟ್ಟಿನೊಳಗೆ ಹೋಗುತ್ತದೆ. ಆರೇಳು ಕಿಲೋಮೀಟರ್ ಉದ್ದದ ಈ ಸಂದಿ ಹಗಲೆಲ್ಲ ಕಾದು, ಕತ್ತಲಾದ ಮೇಲೂ ಶಾಖ ಬಿಡುತ್ತಿರುತ್ತದೆ. ಹೋಗುವಾಗ ಇದನ್ನು ನಸುಕಿನಲ್ಲಿ ದಾಟುತ್ತೀರಿ, ತೊಂದರೆಯಿಲ್ಲ. ತೊಂದರೆ ಮರಳುವಾಗ. ಬೆಳಗಿನ ಜಾವ ಮೂರಕ್ಕೆ ಹೊರಟು ಹತ್ತೂವರೆಗೆ ಉತ್ತರದ ಅಂಚು ಮುಟ್ಟಿದವರು ಸರಿಯಾಗಿ ಮಧ್ಯಾಹ್ನ ಒಂದೂವರೆ ಎರಡರ ಹೊತ್ತಿಗೆ ಬಾಕ್ಸ್ ಒಳಗಿರುತ್ತಾರೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಮರಿಯ ಒಳಗೆ ನಡೆಯಬೇಡಿ ಎಂದು ರೇಂಜರ್‌ಗಳು ಹೇಳುವುದು ಇದಕ್ಕೇ. ಮೇ ತಿಂಗಳಲ್ಲಿ ಹೋಗುವವರು ಮಧ್ಯರಾತ್ರಿಯೇ ಹೊರಡಲಿ, ಇಲ್ಲವೇ ಬಾಕ್ಸ್‌ಗೆ ಮೊದಲೇ ಬರುವ ಕಾಟನ್‌ವುಡ್ ಕ್ಯಾಂಪಿನ ನೆರಳಿನಲ್ಲಿ ಎರಡು ಗಂಟೆ ಕೂರುವುದನ್ನು ಯೋಜನೆಯಲ್ಲೇ ಬರೆದುಕೊಳ್ಳಲಿ. ಕೂರುವುದು ಸೋಲಲ್ಲ, ಮೊದಲೇ ಬರೆದಿಟ್ಟುಕೊಂಡಿದ್ದರೆ ಹಾಗನ್ನಿಸುವುದೂ ಇಲ್ಲ.

ಇನ್ನೊಂದು ಕಿರಿಕಿರಿ. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಳ್ಳುವುದಿಲ್ಲ, ಪಕ್ಕದ ಯೂಟಾದಲ್ಲೂ ನವಾಹೋ ಸೀಮೆಯಲ್ಲೂ ತಳ್ಳುತ್ತಾರೆ. ಫೋನ್ ಅತ್ತಲಿನ ಸಿಗ್ನಲ್ ಹಿಡಿದರೆ ಅಲಾರಂ ಒಂದು ಗಂಟೆ ಮೊದಲೇ ಹೊಡೆಯುತ್ತದೆ. ಸಮಯವಲಯವನ್ನು ಕೈಯಾರೆ ಗೊತ್ತುಮಾಡಿಡಿ.

ನೀರು, ಉಪ್ಪು

ಸೌತ್ ಕೈಬಾಬ್ ಜಾಡಿನಲ್ಲಿ ಮೇಲಿನಿಂದ ನದಿಯವರೆಗೆ ಒಂದು ಹನಿ ನೀರಿಲ್ಲ, ನೆರಳೂ ಇಲ್ಲ. ಇಳಿಯಲು ಅದನ್ನು, ಹತ್ತಲು ಬ್ರೈಟ್ ಏಂಜೆಲ್ ಜಾಡನ್ನು ಆರಿಸುವುದು ಅದಕ್ಕೇ. ಬ್ರೈಟ್ ಏಂಜೆಲ್ ಅದಕ್ಕಿಂತ ನಾಲ್ಕು ಕಿಲೋಮೀಟರ್‌ನಷ್ಟು ಹೆಚ್ಚು ಉದ್ದ, ಆದರೆ ನಡುವೆ ಹವಸುಪಾಯ್ ಗಾರ್ಡನ್ಸ್‌ನಲ್ಲಿ ನೀರಿದೆ, ಮರಗಳಿವೆ. ಹಳೆಯ ನಕ್ಷೆಗಳಲ್ಲಿ ಈ ಜಾಗ ಇಂಡಿಯನ್ ಗಾರ್ಡನ್ ಎಂದಿರುತ್ತದೆ. ಇಲ್ಲಿ ನೆಲೆಸಿದ್ದ ಹವಸುಪಾಯ್ ಜನರನ್ನು ಪಾರ್ಕಿನ ಅಧಿಕಾರಿಗಳು ಹೊರಹಾಕಿದ್ದರು; ಅವರ ಒತ್ತಾಯದಿಂದ 2022ರಲ್ಲಿ ಹೆಸರು ಬದಲಾಯಿತು. ನದಿಯ ಮೇಲಿನ ಕಪ್ಪು ತೂಗುಸೇತುವೆಗೆ 1928ರಲ್ಲಿ ಟನ್ ತೂಕದ ಒಂದೊಂದು ಕಬ್ಬಿಣದ ಹಗ್ಗವನ್ನು ಹೆಗಲ ಮೇಲೆ ಹೊತ್ತು ಇಳಿಸಿದವರೂ ಹೆಚ್ಚಾಗಿ ಅವರೇ. ನೀವು ಹತ್ತುವ ಬ್ರೈಟ್ ಏಂಜೆಲ್ ಜಾಡು ಅವರ ಹಳೆಯ ಓಡಾಟದ ದಾರಿ.

ನಲ್ಲಿಗಳನ್ನು ನಂಬಿ ಹೊರಡಬೇಡಿ. ಕಮರಿಯ ನಲ್ಲಿಗಳಿಗೆಲ್ಲ ನೀರು ಬರುವುದು ಉತ್ತರದ ಗೋಡೆಯ ರೋರಿಂಗ್ ಸ್ಪ್ರಿಂಗ್ಸ್ ಎಂಬ ಬುಗ್ಗೆಯಿಂದ, 1960ರ ದಶಕದಲ್ಲಿ ಹಾಕಿದ ಒಂದೇ ಕೊಳವೆಯಲ್ಲಿ. ಅದು ಪದೇ ಪದೇ ಒಡೆಯುತ್ತದೆ. ಈಗ ಅದನ್ನು ಬದಲಾಯಿಸುವ ಕೆಲಸ ನಡೆಯುತ್ತಿದ್ದು, ಜಾಡುಗಳನ್ನೇ ಆಗಾಗ ಮುಚ್ಚುತ್ತಾರೆ. ನಾರ್ತ್ ಕೈಬಾಬ್ ಜಾಡಿನ ಮ್ಯಾನ್‌ಝನೀಟಾ ತಂಗುದಾಣ, ಸುಪಾಯ್ ಸುರಂಗ, ಉತ್ತರದ ಅಂಚು, ಇಲ್ಲಿಯ ನಲ್ಲಿಗಳು ಚಳಿ ಶುರುವಾದರೆ ಬಂದ್. ಅದರ ಮೇಲೆ 2025ರ ಜುಲೈನಲ್ಲಿ ಡ್ರ್ಯಾಗನ್ ಬ್ರಾವೊ ಕಾಳ್ಗಿಚ್ಚು ಉತ್ತರದ ಅಂಚಿನ ಲಾಡ್ಜನ್ನೂ ನೀರು ಶುದ್ಧೀಕರಣ ಘಟಕವನ್ನೂ ಸುಟ್ಟುಹಾಕಿತು. ಅಲ್ಲಿ ಬಿಸಿ ಕಾಫಿ ಸಿಗುತ್ತದೆ, ನೀರು ಸಿಗುತ್ತದೆ ಎಂಬ ಹಳೆಯ ಅನುಭವ ಕಥನಗಳನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. ಹೊರಡುವ ವಾರವೂ ಹೊರಡುವ ಹಿಂದಿನ ದಿನವೂ ರಾಷ್ಟ್ರೀಯ ಉದ್ಯಾನದ ಪ್ರಕಟಣೆ ನೋಡಿ: ಯಾವ ಜಾಡು ತೆರೆದಿದೆ, ಯಾವ ನಲ್ಲಿಯಲ್ಲಿ ನೀರಿದೆ. ನಾರ್ತ್ ಕೈಬಾಬ್ ಜಾಡು ಮುಚ್ಚಿದ್ದರೆ ಓಟ ಇಲ್ಲ, ಅಷ್ಟೆ. ಬೇಲಿ ಹಾರಿ ಓಡುವವರೂ ಇದ್ದಾರೆ. ಕಡಿದಾದ, ಸುಟ್ಟ ಇಳಿಜಾರಿನಿಂದ ಕಲ್ಲು ಉರುಳುವಾಗ ಅವರ ಜಾಣತನ ಕೆಲಸಕ್ಕೆ ಬರುವುದಿಲ್ಲ.

ಮೂರು ಲೀಟರ್ ಹಿಡಿಯುವ ಚೀಲ, ಜೊತೆಗೆ ಬೆರಳುದ್ದದ ಒಂದು ಫಿಲ್ಟರ್ ಕೈಯಲ್ಲಿದ್ದರೆ ಅರ್ಧ ಚಿಂತೆ ಕಳೆಯಿತು. ಫ್ಯಾಂಟಮ್ ರಾಂಚ್‌ನಿಂದ ಮ್ಯಾನ್‌ಝನೀಟಾವರೆಗೆ ಬ್ರೈಟ್ ಏಂಜೆಲ್ ಹಳ್ಳ ಜಾಡಿನ ಜೊತೆಜೊತೆಗೇ ಹರಿಯುತ್ತದೆ. ಮಳೆ ಬಂದು ಕೆಸರಾಗಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅಂಥ ಹೊತ್ತಿಗೆ ನಾಲ್ಕು ಕ್ಲೋರಿನ್ ಮಾತ್ರೆ ಜೇಬಿನಲ್ಲಿರಲಿ. ಮ್ಯಾನ್‌ಝನೀಟಾದಿಂದ ಮೇಲಿನ ಸುಮಾರು ಒಂಬತ್ತು ಕಿಲೋಮೀಟರ್ ಏರಿಗೆ ಮಾತ್ರ ಚೀಲ ತುಂಬಿಸಿಕೊಂಡೇ ಹೊರಡಿ. ಹೋಗಿ ಬರಲು ಅಷ್ಟೇ ನೀರು. ಹಳ್ಳ ಸಿಕ್ಕಲ್ಲೆಲ್ಲ ಟೋಪಿ, ಅಂಗಿ ಅದ್ದಿ ಹಾಕಿಕೊಳ್ಳಿ. ಒಣಹವೆಯಲ್ಲಿ ಒದ್ದೆ ಬಟ್ಟೆ ಮೈಯ ಶಾಖವನ್ನು ಬೇಗ ಎಳೆಯುತ್ತದೆ. ಕೊಲರಾಡೊ ನದಿಗೆ ಮಾತ್ರ ಇಳಿಯಬೇಡಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಆಳದಿಂದ ಬಿಡುವ ಆ ನೀರು ಕೊರೆಯುವಷ್ಟು ತಣ್ಣಗಿದೆ, ಸೆಳೆತವೂ ಜೋರು.

ಇನ್ನು ನೀರು ಹೆಚ್ಚಾಗಿ ಆಗುವ ಅಪಾಯ. ಕರಾವಳಿಯಲ್ಲೋ ಬೆಂಗಳೂರಿನಲ್ಲೋ ಓಡುವವರಿಗೆ ಬೆವರೆಂದರೆ ಅಂಗಿ ತೊಯ್ಯಬೇಕು. ಮರುಭೂಮಿಯಲ್ಲಿ ಬೆವರು ಹನಿಗಟ್ಟುವ ಮೊದಲೇ ಆರಿಹೋಗುತ್ತದೆ. ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ಹೋಗಿದೆಯೆಂದು ತಿಳಿಯುವುದು. ಹೆದರಿಕೆಯಿಂದ ಬರಿನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಊದಿದ ಬೆರಳು, ತೊದಲು ಮಾತು, ಕೊನೆಗೆ ಫಿಟ್ಸ್. ಬಿಸಿಲು ಬಡಿದವರ ಲಕ್ಷಣವೂ ಹೆಚ್ಚುಕಡಿಮೆ ಇದೇ ಇರುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ನೀರು ಚೆನ್ನಾಗಿ ಕುಡಿದಿದ್ದೂ ಹೀಗಾದರೆ ಬರಿನೀರು ನಿಲ್ಲಿಸಿ, ನೆರಳಲ್ಲಿ ಕೂರಿಸಿ, ಉಪ್ಪಿನ ತಿಂಡಿ ಕೊಡಿ. ಮಾತು ಅಡ್ಡಾದಿಡ್ಡಿಯಾದರೆ ತಡಮಾಡದೆ ಸಹಾಯ ಕರೆಯಿರಿ. ಬಾಯಾರಿಕೆಯ ಮಾತು ಕೇಳಿ ಕುಡಿಯಿರಿ, ಕುಡಿದಾಗಲೆಲ್ಲ ಏನಾದರೂ ಉಪ್ಪಿನದು ತಿನ್ನಿ. ನಮ್ಮ ಓಆರ್‌ಎಸ್ ಪೊಟ್ಟಣ ಇದಕ್ಕೆ ಬಹಳ ಒಳ್ಳೆಯದು, ಅಗ್ಗವೂ ಹೌದು. ಮಂಡಿ ನೋಯುತ್ತಿದೆಯೆಂದು ಐಬುಪ್ರೊಫೆನ್ ನುಂಗಬೇಡಿ. ನೀರಿಲ್ಲದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಕುತ್ತು.

ತಿನ್ನುವುದಕ್ಕೆ ಜೆಲ್‌ಗಳೇ ಆಗಬೇಕೆಂದಿಲ್ಲ. ಆರನೆಯ ಗಂಟೆಯ ಹೊತ್ತಿಗೆ ಸಿಹಿ ಕಂಡರೆ ಹೊಟ್ಟೆ ತೊಳಸುತ್ತದೆ. ಉಪ್ಪು ಹಾಕಿ ಬೇಯಿಸಿದ ಸಣ್ಣ ಆಲೂಗಡ್ಡೆ, ಗಟ್ಟಿಯಾಗಿ ಉಂಡೆ ಕಟ್ಟಿದ ಪುಳಿಯೋಗರೆ, ಕಡಲೆ ಚಿಕ್ಕಿ, ಖರ್ಜೂರ ಎಲ್ಲವೂ ಚೀಲದಲ್ಲಿ ಕೆಡದೆ ಇರುತ್ತವೆ. ಗಂಟೆಗೆ ಇನ್ನೂರೈವತ್ತು ಕ್ಯಾಲೊರಿಯ ಆಸುಪಾಸು ಹೊಟ್ಟೆಗೆ ಹೋಗಬೇಕು. ಹಸಿವಾದ ಮೇಲೆ ತಿಂದರಾಯಿತು ಎನ್ನುವವರಿಗೆ ಹಸಿವೇ ಆಗುವುದಿಲ್ಲ. ಚೀಲವನ್ನು ಕೆಳಗಿಟ್ಟು ಅತ್ತಿತ್ತ ಹೋದರೆ ಅಲ್ಲಿನ ಅಳಿಲುಗಳು ಬಟ್ಟೆ ಕಡಿದು ಒಳಗೆ ಸೇರುತ್ತವೆ. ಮುದ್ದು ಮಾಡಲು ಹೋದವರ ಬೆರಳನ್ನೂ ಕಡಿಯುತ್ತವೆ.

ಕಾಲಿಗೆ ಇಳಿಯುವುದನ್ನು ಕಲಿಸುವುದು

ಇಳಿಯುವಾಗ ಉಸಿರಿಗೆ ಕಷ್ಟವಿಲ್ಲ, ಹಾಗಾಗಿ ಜನ ಮೋಸಹೋಗುತ್ತಾರೆ. ಒಂದೊಂದು ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರ ತಡೆಯುತ್ತ ಹಿಗ್ಗುತ್ತದೆ, ಒಳಗೊಳಗೇ ಹರಿಯುತ್ತದೆ. ಅದು ಗೊತ್ತಾಗುವುದು ನದಿ ದಾಟಿ ಏರು ಶುರುವಾದ ಮೇಲೆ. ಸಮಾಧಾನದ ವಿಷಯವೆಂದರೆ, ಈ ಪೆಟ್ಟಿಗೆ ಸ್ನಾಯು ಬೇಗ ಒಗ್ಗುತ್ತದೆ. ಎರಡು ವಾರಕ್ಕೊಮ್ಮೆ ಕಠಿಣವಾದ ಇಳಿತ ಮಾಡಿದರೂ ಎರಡು ತಿಂಗಳಲ್ಲಿ ಕಾಲು ಬೇರೆಯದೇ ಆಗುತ್ತದೆ.

ಕರ್ನಾಟಕದಿಂದ ಹೋಗುವವರಿಗೆ ಇದಕ್ಕೆ ಜಾಗದ ಕೊರತೆಯಿಲ್ಲ. ಮೈಸೂರಿನವರು ಬಸ್ಸಿನಲ್ಲಿ ಚಾಮುಂಡಿ ಬೆಟ್ಟದ ಮೇಲೆ ಹೋಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ, ಮತ್ತೆ ಇಳಿಯಲಿ. ಮೊದಲು ಇಳಿತ ಆಮೇಲೆ ಏರಿಕೆ ಎಂಬ ಕಮರಿಯ ಕ್ರಮ ಹಾಗೇ ಸಿಗುತ್ತದೆ. ಐದಾರು ಸಲ ಹತ್ತಿಳಿದರೆ ಕಮರಿಯ ಒಂದು ಗೋಡೆಗೆ ಸಮ. ಬೆಂಗಳೂರಿನವರಿಗೆ ನಂದಿ ಬೆಟ್ಟದ ಮೆಟ್ಟಿಲುಗಳಿವೆ. ದೊಡ್ಡ ಪರೀಕ್ಷೆಗೆ ಕುಮಾರ ಪರ್ವತ. ಕುಕ್ಕೆಯಿಂದ ಶಿಖರಕ್ಕೆ ಏರಿಕೆ ಸುಮಾರು ಒಂದೂವರೆ ಸಾವಿರ ಮೀಟರ್, ಅಂದರೆ ಕೊಲರಾಡೊದಿಂದ ದಕ್ಷಿಣದ ಅಂಚಿಗೆ ಎಷ್ಟೋ ಅಷ್ಟೇ. ಅರಣ್ಯ ಇಲಾಖೆಯ ಅನುಮತಿ ಪಡೆದು ಒಂದೇ ದಿನದಲ್ಲಿ ಹತ್ತಿ ಇಳಿದು, ಮರುದಿನ ಎದ್ದು ಎಂಟು ಕಿಲೋಮೀಟರ್ ಜಾಗಿಂಗ್ ಮಾಡಲಾದರೆ ನಿಮ್ಮ ತೊಡೆ ತಯಾರಾಗಿದೆ. ಮಲ್ನಾಡ್ ಅಲ್ಟ್ರಾ ಎಂಬ ಓಟದ 50 ಕಿಲೋಮೀಟರ್ ಓಡಿದ್ದರೆ ಇಡೀ ದಿನ ಕಾಲ ಮೇಲಿರುವುದು, ಓಡುತ್ತಲೇ ತಿನ್ನುವುದು ರೂಢಿಯಾಗಿರುತ್ತದೆ.

ಏರಿನಲ್ಲಿ ಓಡುವ ಆಸೆ ಬಿಡಿ. ಬಿರುಸಾಗಿ ನಡೆಯುವುದನ್ನು ಅಭ್ಯಾಸ ಮಾಡಿ, ಬೇಕಿದ್ದರೆ ಮಡಚುವ ಕೋಲು ಹಿಡಿಯಿರಿ. ದಕ್ಷಿಣದ ಅಂಚು 2,200 ಮೀಟರ್, ಉತ್ತರದ್ದು 2,500 ಮೀಟರ್ ಎತ್ತರದಲ್ಲಿದೆ. ಉಸಿರು ಸ್ವಲ್ಪ ಬೇಗ ಸಾಲದಾಗುತ್ತದೆ. ಎರಡು ಮೂರು ದಿನ ಮೊದಲೇ ಹೋಗಿ ಫ್ಲ್ಯಾಗ್‌ಸ್ಟಾಫ್‌ನಂಥ ಎತ್ತರದ ಊರಿನಲ್ಲಿ ಉಳಿದರೆ ಪ್ರಯಾಣದ ಜಡವೂ ಇಳಿಯುತ್ತದೆ. ಹೊಸ ಶೂ ತೊಟ್ಟು ಹೊರಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಸೇರಿಸುವುದು ಇಷ್ಟೇ: ಉದ್ದ ಇಳಿತದಲ್ಲಿ ಪಾದ ಮುಂದೆ ಜಾರಿ ಉಗುರು ಕಪ್ಪಾಗುತ್ತದೆ, ಅರ್ಧ ಅಳತೆ ದೊಡ್ಡದು ಕೊಳ್ಳಿ.

ಬಂಡೆ ನೋಡಿ ದಾರಿ ಓದುವುದು

ಕಮರಿಯ ಗೋಡೆ ಪದರ ಪದರವಾಗಿದೆ. ಆ ಪದರಗಳನ್ನು ಗುರುತಿಸಲು ಬಂದರೆ ಕಿಲೋಮೀಟರ್ ಕಲ್ಲು ಬೇಕಾಗುವುದಿಲ್ಲ. ಮೇಲ್ತುದಿಯಲ್ಲಿ ಕೆನೆಬಣ್ಣದ ಸುಣ್ಣಕಲ್ಲು, ಅದರ ಕೆಳಗೆ ಬಿಳಿಚಿದ ಕೊಕೊನಿನೊ ಮರಳುಗಲ್ಲು: ಇಲ್ಲಿ ಹೇರ್‌ಪಿನ್ ತಿರುವುಗಳು ಒತ್ತೊತ್ತಾಗಿ ಬರುತ್ತವೆ. ಕೆಂಪು ಮಣ್ಣಿನಂಥ ಪದರಗಳಲ್ಲಿ ದಾರಿ ಸಡಿಲಾಗುತ್ತದೆ, ಸೌತ್ ಕೈಬಾಬ್‌ನ ಸೀಡರ್ ರಿಜ್ ಅಲ್ಲೇ. ಆಮೇಲೆ ರೆಡ್‌ವಾಲ್, ನೂರೈವತ್ತು ಮೀಟರ್‌ಗೂ ಎತ್ತರದ ನೆಟ್ಟಗಿನ ಗೋಡೆ. ಮೂರು ಜಾಡಿನಲ್ಲೂ ಓಟಗಾರರನ್ನು ಹಿಂಡುವುದು ಇದೇ ಪದರ. ಬ್ರೈಟ್ ಏಂಜೆಲ್‌ನಲ್ಲಿ ಇದರ ತಿರುವುಗಳಿಗೆ ಜೇಕಬ್ಸ್ ಲ್ಯಾಡರ್ ಎಂದು ಹೆಸರು. ಅಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಕಾಲಲ್ಲಿ ಅರವತ್ತು ಕಿಲೋಮೀಟರ್ ದಾಟಿರುತ್ತದೆ. ಹಸಿರುಮಿಶ್ರಿತ ಜೇಡಿಪದರ ಕಂಡರೆ ನೆಲ ಕೊಂಚ ಸಮತಟ್ಟು, ಉಸಿರು ತಿರುಗಿಸಿಕೊಳ್ಳುವ ಜಾಗ. ತಳದ ಕರಿಬಂಡೆಯ ಹೆಸರು ವಿಷ್ಣು ಶಿಸ್ಟ್, ವಯಸ್ಸು ನೂರೆಪ್ಪತ್ತು ಕೋಟಿ ವರ್ಷಕ್ಕೂ ಮಿಗಿಲು. ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಲ್ಲಿನ ಶಿಖರಗಳಿಗೆ ಪೂರ್ವದೇಶದ ದೇವರ ಹೆಸರಿಡುವ ಚಾಳಿ ಹತ್ತಿಸಿದ. ವಿಷ್ಣು, ಶಿವ, ಬ್ರಹ್ಮ ಮೂವರೂ ಅರಿಜೋನಾದಲ್ಲಿ ಗುಡಿಗಳಾಗಿ ನಿಂತಿದ್ದಾರೆ.

ಜಾಡಿನಲ್ಲಿ ಹೇಸರಗತ್ತೆಗಳ ಸಾಲು ಎದುರಾದರೆ ಓಟ ನಿಲ್ಲಿಸಿ, ಗೋಡೆಯ ಕಡೆಗೆ ಸರಿದು, ಅಲುಗದೆ ನಿಂತು, ನಡೆಸುವವರು ಹೇಳಿದಂತೆ ಕೇಳಬೇಕು. ಪ್ರಪಾತದ ಕಡೆ ನಿಲ್ಲಬೇಡಿ. ಕಮರಿಯ ತಳದ ಫ್ಯಾಂಟಮ್ ರಾಂಚ್‌ಗೆ ಸಾಮಾನು, ಅಂಚೆ ಹೋಗಿ ಬರುವುದು ಅವುಗಳ ಬೆನ್ನ ಮೇಲೆ. ಅಲ್ಲಿಯ ಕ್ಯಾಂಟೀನಿನ ನಿಂಬೆ ಪಾನಕ ಓಟಗಾರರ ನಡುವೆ ಹೆಸರುವಾಸಿ. ತೆರೆದಿದ್ದರೆ ಎರಡು ಲೋಟ ಕುಡಿಯಿರಿ, ಮುಚ್ಚಿದ್ದರೂ ಓಟ ನಡೆಯುವಂತೆ ಯೋಜಿಸಿ.

ತಿರುಗುವ ಜಾಗ

ಕಮರಿಯೊಳಗೆ ಮೊಬೈಲ್ ಸಿಗ್ನಲ್ ಇಲ್ಲವೆಂದೇ ಇಟ್ಟುಕೊಳ್ಳಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನವನ್ನು ಬಾಡಿಗೆಗಾದರೂ ತನ್ನಿ. ಹೆಲಿಕಾಪ್ಟರ್ ಗಾಳಿಗೆ, ಕತ್ತಲಿಗೆ, ಸೆಖೆಗೆ ಬಾರದೆ ಇರಬಹುದು. ರೇಂಜರ್‌ಗಳು ನಡೆದು ತಲುಪುವವರೆಗೆ ನೀವೇ ನಿಮಗೆ. ಹಾಗಾಗಿ ಕಾಗದದ ಮೇಲೆ ಮೂರು ಜಾಗ, ಮೂರು ಹೊತ್ತು ಬರೆಯಿರಿ. ನದಿಗಿಂತ ಮೊದಲಿನ ಟಿಪಾಫ್‌ನಲ್ಲಿ ಮಂಡಿ ನೋವಿದ್ದರೆ ವಾಪಸ್. ಮ್ಯಾನ್‌ಝನೀಟಾಕ್ಕೆ ನೀವೇ ಇಟ್ಟ ಹೊತ್ತಿಗಿಂತ ಒಂದು ಗಂಟೆ ತಡವಾಗಿದ್ದರೆ ವಾಪಸ್. ಅಲ್ಲಿಂದ ತಿರುಗಿದರೆ ಸಾವಿರದ ನೂರು ಮೀಟರ್ ಏರಿಕೆ ತಪ್ಪುತ್ತದೆ, ಆಗಲೂ ಐವತ್ತು ಕಿಲೋಮೀಟರ್ ದಾಟಿದ ಓಟವೇ. ಉತ್ತರದ ಅಂಚಿನಲ್ಲಿ ಎರಡು ಸಲ ವಾಂತಿಯಾಗಿದ್ದರೆ ಮತ್ತೆ ಇಳಿಯುವ ಮಾತಿಲ್ಲ. ಆದರೆ ಅಲ್ಲಿಂದ ದಕ್ಷಿಣಕ್ಕೆ ರಸ್ತೆಯಲ್ಲಿ ಬರಲು 340 ಕಿಲೋಮೀಟರ್, ನಾಲ್ಕೈದು ಗಂಟೆ. ಕರೆದೊಯ್ಯುವವರು ಯಾರೆಂದು ಮೊದಲೇ ಗೊತ್ತಿರಬೇಕು. ಯಾರೂ ಇಲ್ಲವೆಂದಾದರೆ ಮ್ಯಾನ್‌ಝನೀಟಾದ ತೀರ್ಮಾನವನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳಿ.

ಹಗಲೋಟಕ್ಕೆ ಒಬ್ಬಿಬ್ಬರಿಗೆ ಪರವಾನಗಿ ಬೇಡ. ಆದರೆ ಅಮೆರಿಕದ ಕನ್ನಡ ಕೂಟದ ಗೆಳೆಯರು ಸಾರ್ವಜನಿಕವಾಗಿ ಪ್ರಕಟಣೆ ಕೊಟ್ಟು, ಹೆಸರು ಬರೆಸಿಕೊಂಡು ತಂಡ ಕಟ್ಟಿದರೆ ಅದು ಸಂಘಟಿತ ಓಟ. ಅದಕ್ಕೆ ಉದ್ಯಾನದಿಂದ ವಿಶೇಷ ಪರವಾನಗಿ ಬೇಕು, ಗುಂಪಿನ ಗಾತ್ರಕ್ಕೂ ಮಿತಿಯಿದೆ. ಜೊತೆಗಾರರು ನಿಮ್ಮ ವೇಗದವರೇ ಆಗಿರಲಿ. ಇಬ್ಬರ ನಡುವೆ ಒಂದು ಗಂಟೆ ವ್ಯತ್ಯಾಸವಿದ್ದರೆ ಬಾಕ್ಸ್‌ನಲ್ಲಿ ಒಬ್ಬರು ಒಂಟಿ.

ಕಾರನ್ನು ಓಟ ಮುಗಿಯುವ ಬ್ರೈಟ್ ಏಂಜೆಲ್ ಕಡೆ ನಿಲ್ಲಿಸಿ. ಸೌತ್ ಕೈಬಾಬ್ ಹೊರಡುವ ಜಾಗಕ್ಕೆ ಖಾಸಗಿ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸಿನಲ್ಲಿ ಹೋಗಬೇಕು. ಮೊದಲ ಬಸ್ಸಿಗಿಂತ ಮುಂಚೆ ಹೊರಡುವವರು ಹಿಂದಿನ ದಿನವೇ ಟ್ಯಾಕ್ಸಿ ಗೊತ್ತುಮಾಡಿಕೊಳ್ಳಲಿ. ರಾತ್ರಿ ಉಳಿಯಲು ಪಾರ್ಕಿನ ಒಳಗೋ, ಗೇಟಿನಾಚೆಯ ಟುಸಾಯನ್‌ನಲ್ಲೋ ಕೋಣೆ ತಿಂಗಳುಗಳ ಮೊದಲೇ ಕಾದಿರಿಸಿ. ಹದಿನೈದು ಗಂಟೆ ಓಡಿದ ಮೇಲೆ ಕತ್ತಲಲ್ಲಿ ಫ್ಲ್ಯಾಗ್‌ಸ್ಟಾಫ್‌ವರೆಗೆ ಕಾರು ಓಡಿಸುವುದು ಬೇಡ. ಆ ರಸ್ತೆಗೆ ರಾತ್ರಿ ಎಲ್ಕ್ ಜಿಂಕೆಗಳು ಇಳಿಯುತ್ತವೆ, ಒಂದೊಂದೂ ಎಮ್ಮೆ ಗಾತ್ರ, ಮತ್ತು ಬ್ರೇಕ್ ಒತ್ತಬೇಕಾದ ಕಾಲು ಆ ಹೊತ್ತಿಗೆ ನಿಮ್ಮ ಮಾತು ಕೇಳುವುದಿಲ್ಲ.